ಗೋಡೆಗೆ ಮೆತ್ತಿದ ಗೋಪಿಚಂದನ

ಕುರುಗೋಡಿನ ಆ ಹಳೆಯ ಮನೆಯಲ್ಲಿ ಗಾರೆ ಕೆಲಸದ ಕರೀಮಸಾಬ್ ಕರಣೆಯ ಹಿಡಿಯಿಂದ ಗೋಡೆ ಬಡಿಯುತ್ತ, ಕಿವಿಗೊಡುತ್ತ ಸಾಗಿದ್ದರು. ಪೊಳ್ಳು ಸದ್ದು ಬಂದಲ್ಲೆಲ್ಲ ಇದ್ದಿಲಿನಿಂದ ಸುತ್ತು ಗೆರೆ ಎಳೆಯುವರು. ಮನೆಯೊಡತಿ ವಿಜಯಾಬಾಯಿ ಬಣ್ಣ ತರಲು ಬೆಳಗಿನ ಬಸ್ಸಿಗೇ ಬಳ್ಳಾರಿಗೆ ಹೋಗಿದ್ದರು. ಅವರ ಗಂಡ, ನಿವೃತ್ತ ಮೇಷ್ಟ್ರು ಪ್ರಾಣೇಶರಾಯರು ಗೋಡೆಯ ಒಂದೇ ಜಾಗಕ್ಕೆ ಬೆನ್ನು ಹಚ್ಚಿ ನಿಂತಿದ್ದರು.

"ಸರೀರಿ ರಾಯರ, ಅಲ್ಲೂ ಬಡೀಬೇಕು."

"ಇಲ್ಲಿ ಗಟ್ಟಿ ಅದ."

"ಗೋಡಿನೋ, ನೀವೋ?"

ರಾಯರು ಸರಿದರು. ಅದು ರಾಯರ ಮಾವನವರು ಕಟ್ಟಿಸಿದ ಗಾರೆಗೋಡೆ. ಅದಕ್ಕೆ ಮೊಳೆ ಹೊಡೆಯಕೂಡದೆಂದು ವಿಜಯಾಬಾಯಿಯ ಕಟ್ಟಪ್ಪಣೆ. ಹೋದ ತಿಂಗಳು ಅವರು ಸಿರುಗುಪ್ಪದ ತಂಗಿಯ ಮನೆಗೆ ಹೋದಾಗ, ರಾಯರು ತಮ್ಮ ಸನ್ಮಾನದ ಫೋಟೋ ತೂಗುಹಾಕಲು ಒಂದು ಮೊಳೆ ಹೊಡೆದಿದ್ದರು. ಮೊಳೆ ಬಾಗಿ ಅಲ್ಲೇ ಸಿಕ್ಕಿಕೊಂಡು, ಅಂಗೈಯಗಲ ಗಾರೆ ಉದುರಿತ್ತು. ಸಿಮೆಂಟು ಕೊಂಡರೆ ಊರಿಗೆಲ್ಲ ಸುದ್ದಿ ಎಂದು ಹೆದರಿ, ದಿನಾ ಹಣೆಗೆ ತೇದು ಹಚ್ಚಿಕೊಳ್ಳುವ ಗೋಪಿಚಂದನದ ಹಳದಿ ಮಣ್ಣುಗಡ್ಡೆಯನ್ನೇ ನೆನೆಸಿ, ನಾದಿ, ಮೆತ್ತಿ, ಮೇಲೆ ಸುಣ್ಣ ಬಳಿದಿದ್ದರು.

ಕರೀಮಸಾಬ್ ನೀರು ಎರಚಿದರು. ಸುಣ್ಣ ಜಾರಿ, ಹಳದಿ ಗೆರೆಯೊಂದು ನೆಟ್ಟಗೆ ಕೆಳಗಿಳಿಯಿತು. ಅವರು ರಾಯರ ಹಣೆ ನೋಡಿದರು; ಮತ್ತೆ ಗೋಡೆ ನೋಡಿದರು.

"ಮೂವತ್ತು ವರ್ಷ ಆತ್ರಿ ಈ ಕೆಲ್ಸಕ್ಕ ಬಿದ್ದು. ಪೂಜಿಗೆ ಕುಂತ ಗೋಡಿ ಇದ ಮೊದ್ಲು ನೋಡಿದ್ದು."

"ಕೈ ಮುಗೀತೀನಿ, ಅಕಿ ಬರೋದ್ರಾಗ ಮುಚ್ಚಿಬಿಡ್ರಿ!"

"ದೊಡ್ಡದು ಮಾಡಿ ಮುಚ್ತೀನಿ. ಹತ್ತು ಕಡಿ ತ್ಯಾಪಿ ಇದ್ದಲ್ಲಿ ಹನ್ನೊಂದನೇದ್ದು ಯಾರು ಕೇಳ್ತಾರ? ಉಪ್ಪಿನ ಸವಳು ತಿಂದೈತಿ ಅಂದ್ರಾತು."

ಹಳದಿಯನ್ನೆಲ್ಲ ಕೆರೆದು, ಸುತ್ತಲಿನದನ್ನೂ ಕೆಡವಿ, ಹೊಸ ಗಾರೆ ಮೆತ್ತಿ ಮುಗಿಸುವಷ್ಟರಲ್ಲಿ ವಿಜಯಾಬಾಯಿ ಬಂದರು.

"ಇದ್ಯಾಕ ಇಷ್ಟು ದೊಡ್ಡದು?"

"ಸವಳು ತಿಂದಿತ್ರಿ ಅಮ್ಮಾರ."

ಅವರು ತಲೆಯಾಡಿಸಿದರು. ರಾಯರ ಉಸಿರು ತಿರುಗಿತು. ಆದರೆ ವಿಜಯಾಬಾಯಿ ನಡೆದದ್ದು ಬಾಗಿಲ ಬಳಿಯ ಕಸದ ಗುಡ್ಡೆಯ ಕಡೆಗೆ. ಹಳದಿ ಹೆಂಟೆಯೊಂದನ್ನು ಎತ್ತಿ ಮೂಸಿದರು. ಅದಕ್ಕಂಟಿಕೊಂಡೇ ಬಾಗಿದ ಮೊಳೆಯೊಂದು ಬಂತು.

"ಗೋಪಿಚಂದನದ ಹೊಸಾ ಗಡ್ಡಿ ಹದಿನೈದೇ ದಿನಕ್ಕ ಸವೀತು ಅಂದ್ರಲ್ರೀ. ಸವಳಿಗೆ ಇಷ್ಟು ಭಕ್ತಿ ಅದ ಅಂತ ನನಗ ಗೊತ್ತಿರಲಿಲ್ಲ."

ಕರೀಮಸಾಬ್ ಕರಣೆ ತೊಳೆಯಲು ಹಿತ್ತಲಿಗೆ ನಡೆದೇಬಿಟ್ಟರು.

"ಫೋಟೋ ಎಲ್ಲಿ?"

ರಾಯರು ಮಂಚದ ಕೆಳಗಿನಿಂದ ತಂದುಕೊಟ್ಟರು. ವಿಜಯಾಬಾಯಿ ಅದನ್ನು ಹಸಿ ಗೋಡೆಯ ಎದುರಿಗೆ ಕುರ್ಚಿಯ ಮೇಲೆ ಕೂರಿಸಿ, ಗಂಡನ ಕೈಗೆ ಚೊಂಬು ಕೊಟ್ಟರು.

ವಾರವಿಡೀ ಮುಂಜಾನೆ ಸಂಜೆ ರಾಯರು, ಗಾರೆ ಗಟ್ಟಿಯಾಗಲೆಂದು, ಗೋಡೆಗೆ ನೀರು ಚಿಮುಕಿಸಿದರು. ಫೋಟೋದೊಳಗೆ ಶಾಲು ಹೊದ್ದ, ಹಾರ ಹಾಕಿಸಿಕೊಂಡ ರಾಯರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.