ಕರೆಯಲ್ಲಿ ಬರುವ ನಂಬರು

“ನಮ್ಮ ಮೈಕ್‌ಸೆಟ್‌ಗೆ ಕಿವಿ ಹೋದ್ರೂ ಬಾಯಿಗೆ ಮಾತ್ರ ಏನೂ ಆಗಿಲ್ಲ ನೋಡಿ!”

ಮ್ಯಾನೇಜರ್ ಹೀಗಂದದ್ದು ನನಗೆ ಕೇಳಿಸಲಿಲ್ಲ. ಓದಿದೆ. ಮೀಟಿಂಗ್ ಕೋಣೆಯಲ್ಲಿ ಯಾರು ಏನೇ ಮಾತಾಡಿದರೂ ಗೋಡೆಯ ದೊಡ್ಡ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ನನಗೋಸ್ಕರವೇ ಮಾಡಿದ ಏರ್ಪಾಡು ಅದು. ಆ ಮಾತಿನ ಕೆಳಗೆ ಕಂಸದಲ್ಲಿ ‘ನಗು’ ಎಂದು ಬಂತು. ತಿರುಗಿ ನೋಡಿದೆ. ಹೌದು, ಎಲ್ಲರೂ ನಗುತ್ತಿದ್ದರು. ಯಂತ್ರದ ಕೆಲಸದಲ್ಲಿ ಒಂದು ಕುಂದೂ ಹೇಳುವ ಹಾಗಿರಲಿಲ್ಲ.

ಹತ್ತನೇ ವಯಸ್ಸಿನಲ್ಲಿ ಜ್ವರ ಬಂದು ನನ್ನ ಕಿವಿ ಹೋಯಿತು. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿಕೊಂಡು ಪಾಠ ಹೇಳುತ್ತಿದ್ದರು, ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಎರಡು ವರ್ಷ ಆ ಬೆನ್ನು ನೋಡಿ ಶಾಲೆ ಬಿಟ್ಟೆ. ಮಾತು ಮಾತ್ರ ಉಳಿಯಿತು. ಎಷ್ಟು ಜೋರಾಗಿ ಆಡುತ್ತೇನೆಂದು ನನಗೆ ಗೊತ್ತಾಗುವುದಿಲ್ಲ. ಅದಕ್ಕೇ ಆಫೀಸಿನಲ್ಲಿ ನನ್ನ ಹೆಸರು ಮೈಕ್‌ಸೆಟ್.

ಈ ಕಂಪನಿಯಲ್ಲಿ ನನ್ನದು ಒತ್ತುವ ಕೆಲಸ. ಆ್ಯಪ್ ತಯಾರಾದ ಮೇಲೆ ಹಳೆಯ ಫೋನು, ಒಡೆದ ಗಾಜಿನ ಫೋನು, ಅಗ್ಗದ ಫೋನು ಎಲ್ಲದರಲ್ಲೂ ಒಂದೊಂದೇ ಬಟನ್ ಒತ್ತಿ ನೋಡಬೇಕು. ಆಗ ಕೈಯಲ್ಲಿದ್ದದ್ದು ಆಂಬ್ಯುಲೆನ್ಸ್ ಕರೆಸುವ ಆ್ಯಪ್. ಕಿವಿ ಕೇಳದವರು, ಮಾತು ಬಾರದವರು ಬರೆದೇ ಗಾಡಿ ಕರೆಸಲಿ ಎಂದು ಅದರಲ್ಲಿ ಒಂದು ನೀಲಿ ಬಟನ್ ಇತ್ತು. ನನ್ನನ್ನು ಸೇರಿಸಿಕೊಂಡದ್ದೇ ಆ ಬಟನ್ನಿಗಾಗಿ. ಜಾಹೀರಾತಿಗೆಂದು ನನ್ನ ಫೋಟೋ ಕೂಡ ತೆಗೆದಿದ್ದರು.

ಆ ಬಟನ್ ತೆರೆಯಬೇಕಾದರೆ ಮೊದಲು ಫೋನಿಗೆ ಒಂದು ಕರೆ ಬರುತ್ತದೆ. ಕರೆಯಲ್ಲಿ ಯಂತ್ರವೊಂದು ಆರು ಅಂಕಿ ಹೇಳುತ್ತದೆ. ಅದನ್ನು ಕೇಳಿಸಿಕೊಂಡು ಆ್ಯಪಿನಲ್ಲಿ ಹಾಕಬೇಕು.

ಅವತ್ತು ಮೀಟಿಂಗಿನಲ್ಲಿ ನಾನು ಹೇಳಿದ್ದು ಇಷ್ಟೇ: “ಸಾರ್, ಕೇಳ್ಸಲ್ಲ ಅಂತಾನೇ ಅಲ್ವಾ ಆ ಬಟನ್ ಒತ್ತೋದು? ನಂಬರ್ನ ಮೆಸೇಜಲ್ಲಿ ಕಳ್ಸಿ.” ಕಿರುಚಿದೆನಂತೆ. ಆಮೇಲೆ ಬಂದದ್ದು ಮೈಕ್‌ಸೆಟ್ ಮಾತು.

ನಗು ಮುಗಿದ ಮೇಲೆ ಮ್ಯಾನೇಜರ್ ಸಮಾಧಾನದ ಮುಖ ಮಾಡಿದರು. ಗೋಡೆ ಬರೆಯಿತು: “ಮೆಸೇಜ್ ಒಂದೊಂದ್ಸಲ ತಡ ಆಗುತ್ತೆ ಕಣೋ. ಕಾಲ್ ಆದ್ರೆ ತಕ್ಷಣ ಹೋಗುತ್ತೆ. ತಮಾಷೆಗೆ ಒತ್ತೋರನ್ನೂ ತಡೀಬೇಕಲ್ಲ? ಮನೇಲಿ ನಿಮ್ಮಮ್ಮ ಇದಾರಲ್ಲ, ಅವರಿಗೆ ಕೇಳಿಸ್ಕೊಳ್ಳೋಕೆ ಹೇಳು. ಒಂದ್ಸಲ ಮಾಡಿದ್ರೆ ಮುಗೀತು.”

ಪಕ್ಕದಲ್ಲಿದ್ದ ಡಿಸೈನರ್ ಅಕ್ಕ ನನ್ನ ತೋಳು ಮುಟ್ಟಿ, ತುಟಿ ಓದಲು ಸಿಗುವಂತೆ ನಿಧಾನವಾಗಿ ಅಂದಳು: “ಬಿಡೋ ಮಾರಾಯ. ಮುಂದಿನ ಸಲ ಸರಿ ಮಾಡೋಣ.”

ಮನೆಯಲ್ಲಿ ಇರುವುದು ನಾವಿಬ್ಬರೇ. ಅಮ್ಮ ಪ್ಯಾಂಟುಗಳ ಉದ್ದ ಕಡಿಮೆ ಮಾಡಿ ಹೊಲಿದು ಕೊಡುತ್ತಾಳೆ. ಅವಳಿಗೆ ಬಿ.ಪಿ. ಬಾಯಿ ಸೊಟ್ಟಗಾದರೆ, ಕೈ ಎತ್ತಲು ಬಾರದಿದ್ದರೆ ಒಂದು ನಿಮಿಷವೂ ಕಾಯಬೇಡಿ ಎಂದು ಡಾಕ್ಟರು ಹೇಳಿದ್ದರು. ಕರೆಯಬೇಕಾದವನು ನಾನು. ನೀಲಿ ಬಟನ್ನಿಗಾಗಿ ನಾನು ಬಾಯಿ ಮಾಡಿದ್ದು ಅದಕ್ಕೆ, ಊರ ಉದ್ಧಾರಕ್ಕಲ್ಲ.

ಅಮ್ಮ ನನ್ನ ಜೊತೆ ಮಾತಾಡುವುದು ಕೈಯಲ್ಲಿ. ಯಾರೂ ಕಲಿಸಿದ ಭಾಷೆಯಲ್ಲ, ಅಡುಗೆಮನೆಯಲ್ಲಿ ನಾವೇ ಕಟ್ಟಿಕೊಂಡದ್ದು. ಕೆನ್ನೆ ಉಬ್ಬಿಸಿದರೆ ಮ್ಯಾನೇಜರ್. ನಡೆದದ್ದನ್ನು ಹೇಳಿದಾಗ ಅವಳು ಕೆನ್ನೆ ಉಬ್ಬಿಸಿ, ತನ್ನ ತಲೆಯನ್ನೇ ಬಾಗಿಲಿನ ಹಾಗೆ ತಟ್ಟಿ, ಒಳಗೆ ಯಾರೂ ಇಲ್ಲವೆಂದು ಕೈ ಆಡಿಸಿದಳು. ಇಬ್ಬರೂ ನಕ್ಕೆವು. ಆಮೇಲೆ ನನ್ನ ಫೋನನ್ನು ಕಿವಿಗೆ ಹಿಡಿದು, ಕೇಳಿಸಿಕೊಂಡ ಅಂಕಿಗಳನ್ನು ಬೆರಳಲ್ಲಿ ತೋರಿಸಿದಳು. ಬಟನ್ ತೆರೆಯಿತು. “ಆಯ್ತಲ್ಲ, ಇನ್ನೇನು” ಎಂಬಂತೆ ಕೈ ಕೊಡವಿ ಹೊಲಿಗೆಗೆ ಕೂತಳು.

ಕೆಲವು ವಾರಗಳ ನಂತರ ಆ್ಯಪಿನ ಹೊಸ ಆವೃತ್ತಿ ಬಂತು. ಹಳೆಯ ನೋಂದಣಿಗಳೆಲ್ಲ ಅಳಿಸಿಹೋದವು. ನೀಲಿ ಬಟನ್ ಒತ್ತುವವರು ಮತ್ತೆ ಮೊದಲಿನಿಂದ ಕರೆ ತೆಗೆದುಕೊಳ್ಳಬೇಕು. ಇದು ಯಾರಿಗೂ ಹೊಳೆದಿರಲಿಲ್ಲ. ನನಗೂ.

ಒಂದು ಭಾನುವಾರ ಮಧ್ಯಾಹ್ನ ಸ್ನಾನ ಮುಗಿಸಿ ಬಂದರೆ ಅಮ್ಮ ಹೊಲಿಗೆ ಯಂತ್ರಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಕೂಗಿರಬಹುದು.

ನೀಲಿ ಬಟನ್ ಒತ್ತಿದೆ. ‘ಮೊದಲು ಖಚಿತಪಡಿಸಿ. ಈಗ ನಿಮಗೆ ಕರೆ ಬರುತ್ತದೆ’ ಎಂದಿತು.

ಎದುರು ಮನೆಗೆ ಓಡಿ ಬಾಗಿಲು ಬಡಿದೆ. ಒಳಗಿನವರು “ಬಂದೆ” ಅಂದರೋ, ಒಳಗೆ ಯಾರೂ ಇಲ್ಲವೋ, ನನಗೆ ಯಾವ ಬಾಗಿಲಿನ ಮುಂದೆಯೂ ಗೊತ್ತಾಗುವುದಿಲ್ಲ. ನಿಂತೆ. ಮತ್ತೆ ಬಡಿದೆ. ಕರೆ ಬಂದು ಕೈಯಲ್ಲಿ ಫೋನು ಅದುರತೊಡಗಿತು. ವಾಪಸು ಓಡಿ ಬಂದು, ಸ್ಪೀಕರ್ ಹಾಕಿ ಅದನ್ನು ಅಮ್ಮನ ಕಿವಿಯ ಹತ್ತಿರ ಹಿಡಿದೆ.

ಅವಳಿಗೆ ಅರ್ಥವಾಯಿತು. ಬಲಗೈ ಅಲ್ಲಾಡಲಿಲ್ಲ. ಎಡಗೈ ಎತ್ತಿದಳು. ಮೂರು. ಒಂದು. ಆಮೇಲೆ ಐದು ಬೆರಳು, ಆಮೇಲೆ ಎರಡು. ತೋರಿಸಿದ ಹಾಗೆ ಒತ್ತುತ್ತಾ ಹೋದೆ. ಕೊನೆಯ ಅಂಕಿಗೆ ಜಾಗವೇ ಉಳಿಯಲಿಲ್ಲ. ‘ತಪ್ಪು ನಂಬರು’ ಎಂದು ಕೆಂಪಗೆ ಬಂತು.

ನಮ್ಮ ಭಾಷೆಯಲ್ಲಿ ಏಳು ಎಂದರೆ ಒಂದು ಕೈಯ ಐದು, ಇನ್ನೊಂದು ಕೈಯ ಎರಡು. ಎರಡೂ ಒಟ್ಟಿಗೆ. ಅವಳಿಗೆ ಉಳಿದಿದ್ದದ್ದು ಒಂದೇ ಕೈ.

ಮತ್ತೆ ಕರೆ ಬರುವವರೆಗೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಈ ಸಲ ಅವಳು ಬೆರಳು ತೋರಿಸಲಿಲ್ಲ. ಕಣ್ಣು ಮುಚ್ಚಿ, ನನ್ನ ಎದೆಯ ಮೇಲೆ ತಟ್ಟಿದಳು. ಅಂಕಿಗೆ ಎಷ್ಟೋ ಅಷ್ಟು ತಟ್ಟು, ಆಮೇಲೆ ಒಂದು ಬಿಡುವು. ಎಣಿಸಿ ಎಣಿಸಿ ಹಾಕಿದೆ. ಬಟನ್ ತೆರೆಯಿತು. ‘ಅಮ್ಮ ಬಿದ್ದಿದ್ದಾಳೆ’ ಎಂದು ಬರೆದೆ. ಗಾಡಿ ಬಂತು.

ಜೀವಕ್ಕೇನೂ ತೊಂದರೆಯಿಲ್ಲ, ಬಲಗೈ ಬರುವುದು ಕಷ್ಟ ಎಂದು ಡಾಕ್ಟರು ತಮ್ಮ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು. ಅಮ್ಮನ ಬಾಯಿಯೂ ಸೊಟ್ಟಗಿದ್ದುದರಿಂದ ತುಟಿ ಓದಲೂ ಆಗುತ್ತಿರಲಿಲ್ಲ. ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ನೀರು ಕುಡಿಸಿದೆ. ಅವಳು ಎಡಗೈಯಲ್ಲಿ ಏನೋ ಹೇಳಿದಳು. ತಿಳಿಯಲಿಲ್ಲ. ಮತ್ತೆ ಹೇಳಿದಳು. ತಲೆಯಾಡಿಸಿದೆ. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಲ್ಲಿಗೆ ಸೂಜಿ ಹಾಕಿಸಿಕೊಂಡ ಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಕೆಲಸಕ್ಕೆ ಮರಳಿದ ದಿನ ಮ್ಯಾನೇಜರ್ ನನ್ನನ್ನು ತಬ್ಬಿಕೊಂಡರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

“ಈಗಲಾದ್ರೂ ಮೆಸೇಜಲ್ಲಿ ಕಳಿಸ್ತೀರಾ ಸಾರ್?” ಎಂದೆ.

ಅವರು ನನ್ನ ಫೋನು ತೆಗೆದುಕೊಂಡು ಬರೆದರು: ‘ಕೆಲಸ ಮಾಡ್ತಲ್ಲೋ! ಕೆಲಸ ಮಾಡ್ತಿರೋದನ್ನ ಯಾರಾದ್ರೂ ಮುಟ್ತಾರಾ? ಬಾ, ಆಸ್ಪತ್ರೆಯವರು ಬಂದಿದಾರೆ.’

ಆ್ಯಪ್ ಕೊಳ್ಳಲು ಬಂದ ಆಸ್ಪತ್ರೆಯವರು ಮೀಟಿಂಗ್ ಕೋಣೆಯಲ್ಲಿ ಸಾಲಾಗಿ ಕೂತಿದ್ದರು. ನನ್ನನ್ನು ಮುಂದೆ ನಿಲ್ಲಿಸಿದರು. ಗೋಡೆಯ ಮೇಲೆ ಮ್ಯಾನೇಜರ್ ಮಾತು ಏರುತ್ತಾ ಹೋಯಿತು.

“ಈ ಹುಡುಗನಿಗೆ ಕಿವಿ ಕೇಳಲ್ಲ. ಮನೇಲಿ ತಾಯಿ ಬಿದ್ರು, ಪಕ್ಕದಲ್ಲಿ ಯಾರೂ ಇಲ್ಲ. ನಮ್ಮ ನೀಲಿ ಬಟನ್ ಒತ್ತಿದ. ಕಾಲ್ ಬಂತು, ನಂಬರ್ ಹಾಕ್ದ, ಗಾಡಿ ಬಂತು. ಇವತ್ತು ತಾಯಿ ಉಳ್ಕೊಂಡಿದಾರೆ.”

ಕಂಸದಲ್ಲಿ ‘ಚಪ್ಪಾಳೆ’ ಎಂದು ಬಂತು. ಕರೆ ಬಂದಾಗ ನಂಬರನ್ನು ಕೇಳಿಸಿಕೊಂಡವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಡಿಸೈನರ್ ಅಕ್ಕ ಒಬ್ಬಳೇ ಚಪ್ಪಾಳೆ ತಟ್ಟದೆ ತನ್ನ ಉಗುರು ನೋಡುತ್ತಿದ್ದಳು.

“ಏನೂ ಕಷ್ಟ ಆಗ್ಲಿಲ್ಲ, ಅಲ್ವೇನೋ ಮೈಕ್‌ಸೆಟ್? ಹೇಳು. ಇವತ್ತು ಎಷ್ಟು ಜೋರಾಗಿ ಬೇಕಾದ್ರೂ ಹೇಳು!”

ನಗು.

ಎಲ್ಲರೂ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಕೊನೆಯ ಸಾಲಿನ ಕೆಳಗೆ ಒಂದು ಸಣ್ಣ ಗೆರೆ ಮಿನುಗುತ್ತಾ ನಿಂತಿತ್ತು, ನನ್ನ ಮಾತು ಬಂದರೆ ಬರೆದುಕೊಳ್ಳಲು. ನನ್ನ ಬಲಗೈ ಎದೆಯ ಮೇಲೆ, ಅಮ್ಮ ತಟ್ಟಿದ ಜಾಗದಲ್ಲಿತ್ತು. ಯಾವಾಗ ಅಲ್ಲಿಗೆ ಹೋಯಿತೋ.

ಕೈ ಇಳಿಸಿದೆ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದೆ. ಹಳೆಯ ಫೋನುಗಳ ಮೇಜು ದಾಟಿ, ಮೆಟ್ಟಿಲಿಳಿದು ಅಮ್ಮನಿದ್ದ ಆಸ್ಪತ್ರೆಯ ಕಡೆಗೆ ನಡೆದೆ. ಒಂದೇ ಕೈಯಲ್ಲಿ ಏಳು ಹೇಗೆ ತೋರಿಸುವುದೆಂದು ನಾವಿಬ್ಬರೂ ಇನ್ನೂ ಗೊತ್ತುಮಾಡಿಕೊಂಡಿರಲಿಲ್ಲ. ಹಿಂದಿನಿಂದ ಯಾರಾದರೂ ಕೂಗಿರಬಹುದು.