ಪಾಸ್ಟರು ಕೂರದೆ ಹೋದ ಕುರ್ಚಿ

ಆ ಭಾನುವಾರ ಮೊದಲ ಕೀರ್ತನೆ ಮುಗಿದರೂ ಪಾಸ್ಟರು ಒಳಕೋಣೆಯಿಂದ ಬರಲಿಲ್ಲ. ಆರ್ಗನ್ ನುಡಿಸುವವಳು ಅದನ್ನೇ ಮತ್ತೆ ಶುರು ಮಾಡಿದಳು. ಮೂರನೆಯ ಸಲ ಹಾಡುವಾಗ ಸಭೆಯ ನರ್ಸಮ್ಮ ಎದ್ದು ಒಳಗೆ ಹೋದಳು. ಹೊರಬಂದವಳ ಮುಖ ಕಂಡು, ಮುಂದಿನ ಬೆಂಚಿನಲ್ಲಿದ್ದ ಪಾಸ್ಟರ ಅಣ್ಣ ಒಳಗೆ ಓಡಿದರು. ಆರಾಧನೆಯ ನಿಲುವಂಗಿಗೆ ಒಂದೇ ತೋಳು ತೂರಿಸಿ, ತಮ್ಮ ಹಾಗೆಯೇ ಕುಸಿದಿದ್ದ. ಹೃದಯ ನಿಂತುಹೋಗಿತ್ತು.

ಅಣ್ಣನೂ ನಿವೃತ್ತ ಪಾಸ್ಟರೇ. ಎಷ್ಟೋ ಸಾವಿನ ಮನೆಗಳಲ್ಲಿ ಸಮಾಧಾನ ಹೇಳಿದವರು ಈಗ ದಿಕ್ಕು ತೋಚದೆ ಕೂತರು. ಹೊಸ ಪಾಸ್ಟರು ಬರುವ ತನಕ ಭಾನುವಾರದ ಪ್ರಸಂಗ ಮಾಡಲು ಸಭೆ ಅವರನ್ನೇ ಕೇಳಿತು. ಒಪ್ಪಿದರು. ಆದರೆ ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತಿತ್ತು. ತಮ್ಮನ ಹೆಂಡತಿ ಅದನ್ನು ಗಮನಿಸಿ ನರ್ಸಮ್ಮನನ್ನು ಮನೆಗೆ ಕರೆಸಿದಳು.

"ಭಾವ, ತೋಳು ಕೊಡಿ. ಬಿಪಿ ನೋಡ್ಲಿ."

"ಬೇಡಮ್ಮ. ದೇವರ ಕೆಲಸಕ್ಕೆ ನಿಂತವನನ್ನ ದೇವರೇ ನೋಡ್ಕೋತಾನೆ," ಎಂದವರು ಅಲ್ಲೇ ತಡವರಿಸಿದರು. ಹಾಗಾದರೆ ತಮ್ಮನನ್ನು ಯಾಕೆ ನೋಡಿಕೊಳ್ಳಲಿಲ್ಲ? ಸಿಟ್ಟು ನರ್ಸಮ್ಮನ ಮೇಲೆ ತಿರುಗಿತು. "ಆರಾಧನೆ ಆದ್ಮೇಲೆ ಕುರ್ಚಿ ಹಾಕ್ಕೊಂಡು ಎಲ್ಲರ ಬಿಪಿ ನೋಡ್ತಿದ್ದೆಯಲ್ಲ. ಅವನೇ ಶುರು ಮಾಡಿಸಿದ್ದು. ಅವನದ್ದು ನೋಡಲಿಲ್ವಾ?"

"ಎಲ್ಲಿ ಕೂತ್ರು ಅಯ್ಯನೋರು? ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಕುಲುಕ್ತಿದ್ರು. ಕೊನೆಯವರು ಹೋಗೋ ಹೊತ್ತಿಗೆ ನಾನು ಬಿಪಿ ಪಟ್ಟಿ ಸುತ್ತಿಡ್ತಿದ್ದೆ. 'ಮುಂದಿನ ವಾರ, ಸಿಸ್ಟರ್' ಅನ್ನೋರು. ಆಮೇಲೆ ಮನೆ ಭೇಟಿ. ಹೋದಲ್ಲೆಲ್ಲ ಸಕ್ಕರೆ ಸುರಿದ ಚಹಾ, ಕರಿದ ತಿಂಡಿ."

"ಬೇಡ ಅಂದ್ರೆ ಜನ ಮುಖ ಊದಿಸ್ಕೋತಾರೆ," ಎಂದಳು ತಮ್ಮನ ಹೆಂಡತಿ. "ನಾನೂ ಊದಿಸ್ಕೋತಿದ್ದೆ, 'ಊರವರ ಮನೇಲೆಲ್ಲ ತಿಂತೀರಿ, ನನ್ನ ಅಡುಗೆ ಮಾತ್ರ ರುಚಿಸಲ್ಲ' ಅಂತ." ನಗಲು ಹೋಗಿ ಅತ್ತಳು.

"ಅಂದ್ರೆ, ನಮ್ಮ ಪ್ರೀತಿನೇ ಅವನನ್ನ ಕೊಂದಿತಾ?" ಅಣ್ಣ ನರ್ಸಮ್ಮನನ್ನು ಕೇಳಿದರು.

"ನನಗೂ ಗೊತ್ತಿಲ್ಲ ಅಯ್ಯ. ಒಂದು ಸಲನೂ ನೋಡಿಸ್ಕೊಳ್ಳಲಿಲ್ಲವಲ್ಲ. ಬಿಪಿ ಎಷ್ಟೋ ಸಲ ಸದ್ದಿಲ್ದೆ ಏರುತ್ತೆ. ಅಳೆದ್ರೇನೇ ಗೊತ್ತಾಗೋದು."

"ಪ್ರಾರ್ಥನೆ ಸಾಲದಾ?"

"ಮಾಡಿ, ಮನಸ್ಸಲ್ಲೇ ಮಾಡಿ. ಪಟ್ಟಿ ಕಟ್ಟಿದಾಗ ಮಾತಾಡಬಾರದು. ಪಾಸ್ಟರುಗಳಿಗೆ ಅದೇ ಕಷ್ಟ!"

ಅಣ್ಣ ನಗಲಿಲ್ಲ. ತಮ್ಮನ ಹೆಂಡತಿ ಮೆಲ್ಲಗೆ ಹೇಳಿದಳು: "ಇನ್ನೊಂದು ನಿಲುವಂಗಿ ಮಡಚಿಡೋ ಶಕ್ತಿ ನನಗಿಲ್ಲ, ಭಾವ."

ಅವರು ತೋಳು ಚಾಚಿದರು. ಒತ್ತಡ ಹೆಚ್ಚೇ ಇತ್ತು. ವೈದ್ಯರು ಗುಳಿಗೆ ಬರೆದರು. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಎಂದರು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅಣ್ಣ ನೇರವಾಗಿ ಬಾಗಿಲಿಗೆ ಹೋಗಲಿಲ್ಲ. ಎಲ್ಲರಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತರು. ಕೈ ಕುಲುಕಲು ಸಭೆ ಕಾಯಿತು. ತಮ್ಮ ಯಾಕೆ ತೀರಿಹೋದನೆಂಬುದು ಅವರಿಗೆ ಇಂದಿಗೂ ತಿಳಿದಿಲ್ಲ. ಆದರೂ ದಿನಾ ಗುಳಿಗೆ ನುಂಗುತ್ತಾರೆ, ನಡೆಯಲು ಹೊರಡುತ್ತಾರೆ.

ಓದುತ್ತಿರುವ ಬಂಧುಗಳೇ, ಬಿಪಿ, ಸಕ್ಕರೆ ನೋಡಿಸಿಕೊಂಡಿರಾ ಎಂದು ನಿಮ್ಮ ಪಾಸ್ಟರನ್ನು ಈ ವಾರವೇ ಕೇಳಿ. ಅವರು ತಿಂಡಿ ಬೇಡವೆಂದರೆ ಮುನಿಯಬೇಡಿ; ಒಂದು ಲೋಟ ನೀರು ಕೊಟ್ಟು, ಬೀದಿಯ ಕೊನೆಯ ತನಕ ಜೊತೆಗೆ ನಡೆಯಿರಿ. ಪಾಸ್ಟರುಗಳೇ, ದಯವಿಟ್ಟು 'ಮುಂದಿನ ವಾರ' ಅನ್ನಬೇಡಿ.

ಕರ್ತನೇ, ಎಲ್ಲರ ಕೈ ಹಿಡಿದು, ತನ್ನ ಕೈ ಚಾಚಲು ಹೊತ್ತು ಸಿಗದೆ ಹೋದ ನಿನ್ನ ಸೇವಕನ ಕೈಯನ್ನು ನೀನೇ ಹಿಡಿದುಕೋ. ಅವನ ಆತ್ಮಕ್ಕೆ ನಿನ್ನಲ್ಲಿ ಶಾಂತಿ ಸಿಗಲಿ. ಆಮೆನ್.