ಬೈದು ಎತ್ತಿದ ಆರತಿ

ಗಣಿ ಕಾರ್ಮಿಕರ ಊರು ಆಂಡರ್ಸನ್‌ಪೇಟೆಯ ರಾಮಭಜನೆ ಮಂದಿರದಲ್ಲಿ ಆಗಸ್ಟ್ ಹದಿನೈದರ ಸಂಜೆಗೆಂದೇ ಒಂದು ಪದ್ಧತಿ ಉಂಟು. ರಾಮನ ಪಟದ ಕೆಳಗೆ ದೇಶ ಆಳಿದವರ ಪಟಗಳನ್ನೂ ಸಾಲಾಗಿ ಇಟ್ಟು, ಒಬ್ಬೊಬ್ಬರಿಗೂ ಒಂದು ನುಡಿ ಹಾಡಿ ಆರತಿ ಎತ್ತುತ್ತಾರೆ. ನುಡಿ ಕಟ್ಟುವವರು ಕೋದಂಡಪ್ಪ, ಡೋಲಕ್ ಅವರ ಗೆಳೆಯ ಸೆಲ್ವರಾಜನದು.

ಈ ಸಲ ಕೋದಂಡಪ್ಪ ಸಾಲಿಗೆ ಹೊಸ ಪಟವೊಂದನ್ನು ಸೇರಿಸಿದ್ದರು: ಊರಿನ ಚಿನ್ನದ ಗಣಿ ಮುಚ್ಚಿದಾಗ ಪ್ರಧಾನಿಯಾಗಿದ್ದವರದು. ಸೆಲ್ವರಾಜ ಊರಿಗಾಂ ಗಣಿಯೊಳಗೆ ಇಳಿದು ದುಡಿದವನು. ಪಟ ಕಂಡವನೇ ಡೋಲಕ್ಕನ್ನು ಗವಸಿಗೆ ತುರುಕತೊಡಗಿದ.

“ಅವ್ರಿಗೆ ನಾನು ಬಾರ್ಸಲ್ಲ ಅಣ್ಣಾ.”

“ಎಷ್ಟೊಂದ್ ರಸ್ತೆ ಮಾಡ್ಸಿದೋರು ಕಣ್ಲಾ. ಒಬ್ರನ್ನ ಬಿಟ್ಟು ಆರತಿ ಎತ್ತಕ್ಕಾಯ್ತದಾ?”

“ಆ ರಸ್ತೇಲೇ ಮನೆಗೆ ಓಯ್ತೀನಿ ಬಿಡಿ.”

ಕೋದಂಡಪ್ಪ ಗವಸಿನ ಬಾಯಿ ಹಿಡಿದುಕೊಂಡರು. ಅವರ ಹಾಡು ಇಷ್ಟು ವರ್ಷ ನಿಂತದ್ದೇ ಆ ಕೈಗಳ ಮೇಲೆ. ಇವನು ಎದ್ದುಹೋದರೆ ಮಂಗಳವಷ್ಟೇ ಅಲ್ಲ, ಗೆಳೆತನವೂ ಹೋದಂತೆ.

ಬತ್ತಿಗೆ ಎಣ್ಣೆ ಬಿಡುತ್ತಿದ್ದ ಕೋದಂಡಪ್ಪನವರ ಹೆಂಡತಿ ಮಾರಿಯಮ್ಮ ತಲೆ ಎತ್ತಲಿಲ್ಲ. “ಶನಿವಾರ ಬಂದ್ರೆ ಸೀತಮ್ಮನ್ನ ಕಾಡಿಗೆ ಯಾಕಪ್ಪಾ ಕಳ್ಸ್ದೆ ಅಂತ ರಾಮನ್ನೇ ಬೈದು ಆಡ್ತೀರಿ. ಇವ್ರೇನು ರಾಮನಿಗಿಂತ ದೊಡ್ಡೋರಾ?”

ಹೌದಲ್ಲ. ದೇವರನ್ನು ಬೈದು ಹಾಡುವುದೂ ಭಜನೆಯಲ್ಲಿ ಸ್ತುತಿಯೇ. ಕೋದಂಡಪ್ಪ ಗೆಳೆಯನ ಕೈ ಹಿಡಿದರು. “ಸೆಲ್ವ, ಅವ್ರ ನುಡಿ ನೀನೇ ಕಟ್ಟು. ತಟ್ಟೆ ನಾನು ಹಿಡೀತೀನಿ.”

ಸೆಲ್ವರಾಜ ಮುಖ ಸೊಟ್ಟ ಮಾಡಿಕೊಂಡೇ ಕೂತ. ನೆಹರೂ ಅವರ ಅಣೆಕಟ್ಟು, ಶಾಸ್ತ್ರಿಯವರ ಜವಾನ್ ಕಿಸಾನ್, ಇಂದಿರಮ್ಮನ ಬ್ಯಾಂಕು ಒಂದೊಂದಾಗಿ ಸಾಗಿದವು. ಹೊಸ ಪಟದ ಸರದಿ ಬಂದಾಗ ಡೋಲಕ್ ನಿಂತಿತು. ಕೋದಂಡಪ್ಪ ತಟ್ಟೆ ಹಿಡಿದು ಕಾದರು. ಸೆಲ್ವರಾಜ ಗಂಟಲು ಸರಿಮಾಡಿಕೊಂಡು ರಾಗ ಎಳೆದ:

“ದಾರಿಗಳ ಹಾಸಿದಿರಿ ದೇಶದ ಉದ್ದಕೂ,
ನಮ್ಮ ಗಣಿಗೆ ಬಿತ್ತು ಬೀಗ;
ಅದೇ ದಾರಿ ಹಿಡಿದು ಬಂದೆನು ಸ್ವಾಮಿ,
ಬೀಗದ ಕೈ ಎಲ್ಲಿ ಈಗ?”

ಕೊನೆಯ ಮಾತಿಗೆ ಎರಡೂ ಕೈ ಡೋಲಕ್ಕಿನ ಮೇಲೆ ಬಿದ್ದವು. ಮಂದಿರಕ್ಕೆ ಮಂದಿರವೇ ನಕ್ಕಿತು. ಕೋದಂಡಪ್ಪ ಆ ಪಟಕ್ಕೆ ಆರತಿ ಎತ್ತಿದರು. ಡೋಲಕ್ ಜೊತೆ ಬಿಡಲಿಲ್ಲ.

“ಮುಗೀತಲ್ಲ, ಮಂಗಳ ಆಡಾನ,” ಎಂದರು ಕೋದಂಡಪ್ಪ.

“ಎಲ್ ಮುಗೀತು? ಇಂದಿರಮ್ಮಂಗೆ ನಂದೂ ಒಂದು ಬೈಗುಳ ಐತೆ,” ಎಂದು ಮಾರಿಯಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಅವರ ಹಿಂದೆ ಇನ್ನೂ ನಾಲ್ಕಾರು ಜನ ಎದ್ದರು. ಪ್ರಸಾದದ ಉಸ್ಲಿ ತಣ್ಣಗಾಯಿತು. ಎತ್ತಿ ಎತ್ತಿ ಸೋತ ಕೋದಂಡಪ್ಪ ತಟ್ಟೆಯನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದರು.

“ಅಣ್ಣಾ, ಆರತಿ ತಾಳ ತಪ್ತಾ ಐತೆ,” ಎಂದ ಸೆಲ್ವರಾಜ, ಡೋಲಕ್ಕಿನ ಹಗ್ಗ ಇನ್ನಷ್ಟು ಬಿಗಿದುಕೊಳ್ಳುತ್ತಾ.